ಕೆಂಪು ದಾರ

ಮೂವತ್ತೊಂದು ವರ್ಷ ನನ್ನ ಕೆಲಸ ತಪ್ಪು ಹುಡುಕುವುದು.
ಅಡಿಯಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ
ಬಟ್ಟೆ ಹರಿದು ಬರುತ್ತಿತ್ತು,
ಚಿಂದಿಯ ಹಾಗಲ್ಲ, ಹೊಳೆಯ ಹಾಗೆ ಹರಿದು.
ತಪ್ಪಿದ ಹೊಕ್ಕು, ಜೋಡಿ ಎಳೆ, ಲಾಳಿ ಉಗುಳಿದ ಎಣ್ಣೆ,
ಕಂಡಲ್ಲಿ ಸೀಮೆಸುಣ್ಣದ ಸೊನ್ನೆ,
ಅಂಚಿಗೊಂದು ಕೆಂಪು ದಾರದ ಗಂಟು.
ಮೂರು ಗಂಟಿಗೆ ಎರಡನೆಯ ದರ್ಜೆ.
ಐದಾದರೆ ಗೇಟಿನ ಬಳಿ ಕಿಲೋ ಲೆಕ್ಕದಲ್ಲಿ ಮಾರಾಟ,
ನೇಯ್ದವಳ ಸಂಬಳದಲ್ಲಿ ಕಡಿತ.

ನಮ್ಮೂರು ವುಚ್. ಹಾಗೆಂದರೆ ದೋಣಿ.
ದೋಣಿಯೆಂಬ ಈ ಊರಿನಲ್ಲಿ ಹುಡುಕಿದರೂ ನದಿ ಕಾಣಿಸದು.
ಇದ್ದವು. ಗಿರಣಿಗಳ ಬಣ್ಣ ಕುಡಿದು ಕುಡಿದು
ಸೋಮವಾರ ನೀಲಿ, ಮಂಗಳವಾರ ಕಂದು.
ನಾತ ತಾಳಲಾರದೆ ಕೊಳವೆಗೆ ತುಂಬಿ ಮಣ್ಣು ಮುಚ್ಚಿದರು.
ಆಮೇಲೆ ಗಿರಣಿಗಳೂ ಮುಚ್ಚಿದವು.
ನನ್ನ ಮೇಜಿದ್ದಲ್ಲಿ ಈಗ ಕಾಫಿ ಅಂಗಡಿ,
ದೀಪ ಮೇಲಿನಿಂದ.

ಕಲಿನಾಗೆ ಇಪ್ಪತ್ತೊಂಬತ್ತು. ಅರ್ಧ ತಲೆ ಬೋಳು.
ಗ್ರಂಥಾಲಯದ ನೆಲಮಾಳಿಗೆಯಲ್ಲಿ ಪ್ರತಿ ಗುರುವಾರ
ನಮ್ಮಂಥ ಮುದುಕಿಯರಿಗೆ ಕಸೂತಿ ಕಲಿಸುತ್ತಾಳೆ.
ಹೂವು, ಬಳ್ಳಿ, ಹಕ್ಕಿ ಯಾವುದೂ ಬೇಡವಂತೆ.
ತುಕ್ಕು ಮೊಳೆ ಸುತ್ತಿ ವಿನಿಗರ್‌ನಲ್ಲಿ ನೆನೆಸಿ,
ಬಳಸಿದ ಚಹಾ ಚೀಲ ಒಣಗಿಸಿ ಅದರ ಮೇಲೆ ಹೊಲಿಯಿರಿ,
ಮನೆಯಲ್ಲಿ ಹಳೆಯ ಎಕ್ಸ್‌ರೇ ಇದ್ದರೆ ತನ್ನಿ.
ಯೊವಾಂತಾ ತಂದಳು, ತೀರಿಕೊಂಡ ಗಂಡನ ಎದೆ.
ಪಕ್ಕೆಲುಬುಗಳ ನಡುವೆ ಸಾಸಿವೆ ಹಳದಿ ತುಂಬಿದಳು,
ಬಿಕ್ಕುತ್ತ ಅಲ್ಲ, ಬೈಯುತ್ತ.

ಅಕ್ಟೋಬರಿನಲ್ಲಿ ಕಲಿನಾ ಅಂದಳು:
ಹಳೆಯ ಹತ್ತಿ ಬಟ್ಟೆ ಹೂಳೋಣ.
ಆರು ತಿಂಗಳು ಮಣ್ಣು ತನ್ನ ಕೈಕೆಲಸ ಮಾಡಲಿ,
ಆಮೇಲೆ ನಾವು.
ಮಣ್ಣಿಗೇನು ಗೊತ್ತು ದರ್ಜೆ, ಅಂದೆ.
ಎದುರು ಕೂತಿದ್ದ ಲುದ್ಮಿವಾ ನಕ್ಕಳು.
ನಲವತ್ತು ವರ್ಷದಲ್ಲಿ ನನ್ನ ಮಾತಿಗೆ
ಅವಳು ನಕ್ಕದ್ದು ಅದೇ ಮೊದಲು.

ಹನ್ನೆರಡನೆಯ ಮಗ್ಗದ ಲುದ್ಮಿವಾ.
ಮಗುವಿಗೆ ದಡಾರ ಎದ್ದ ವಾರ, ರಾತ್ರಿ ಪಾಳಿ,
ನಿಂತಲ್ಲೇ ತೂಕಡಿಸಿರಬೇಕು.
ನನಗೆ ಗೊತ್ತಿತ್ತು. ಗೊತ್ತಿದ್ದೂ ಐದು ಗಂಟು ಕಟ್ಟಿದೆ.
ತಪ್ಪು ತಪ್ಪೇ ಅಲ್ಲವೇ.

ಗ್ರಂಥಾಲಯದ ಹಿತ್ತಲಲ್ಲಿ ಹೂತೆವು.
ಅಲ್ಲೇ ಕೆಳಗೆ ಕೊಳವೆಯಲ್ಲಿ ನದಿ ಹೋಗುತ್ತದಂತೆ,
ಕಿವಿಗೊಟ್ಟೆ, ಕೇಳಿಸಲಿಲ್ಲ.

ಏಪ್ರಿಲಿನಲ್ಲಿ ಅಗೆದಾಗ
ನನ್ನ ಮೇಜುಹಾಸು, ಅಪ್ಪಟ ಮೊದಲ ದರ್ಜೆ,
ಮಣ್ಣುಬಣ್ಣದ ಬಲೆಯಾಗಿ ಬಂತು.
ಹುಳು ತಿಂದ ತೂತುಗಳ ಅಂಚು
ಯಾರೋ ಚಿಮುಟದಲ್ಲಿ ಎಳೆ ಬಿಡಿಸಿಟ್ಟಷ್ಟು ನಯ.
ಕೈ ತಾನಾಗಿ ಜೇಬಿಗೆ ಹೋಯಿತು
ಇಲ್ಲದ ಸೀಮೆಸುಣ್ಣಕ್ಕೆ.
ಮುಚ್ಚಬೇಡಿ, ಅಂದಳು ಕಲಿನಾ, ಸುತ್ತ ಕಾಜಾ ಹಾಕಿ.
ತೂತು ತೂತಾಗಿಯೇ ಇರಲಿ,
ದೊಡ್ಡದಾಗದಿದ್ದರೆ ಸಾಕು.

ಲುದ್ಮಿವಾಳ ಬುಟ್ಟಿಯಲ್ಲಿ ಬಟ್ಟೆಯೇ ಇರಲಿಲ್ಲ.
ಮೇಲುಹಾಸು ಹೂತಿದ್ದಳು, ಪೂರಾ ಮಣ್ಣಾಗಿತ್ತು.
ಒಂದು ಹಿಡಿ ಹಾಸು, ಬೆರಳಗಲ ಹೊಕ್ಕು,
ಮತ್ತೆ, ಹುಲ್ಲಿನ ಬೇರುಗಳ ನಡುವೆ,
ಕೆಂಪು ಗಂಟು. ಇನ್ನೊಂದು.
ಎಣಿಸಬೇಕಿರಲಿಲ್ಲ, ಎಣಿಸಿದೆ.
ನೈಲಾನ್. ಮೊನ್ನೆ ಕಟ್ಟಿದಂತಿದ್ದವು.

ಗೇಟಿನ ಬಳಿ ಕೊಂಡಿದ್ದಳು ಕಿಲೋ ಲೆಕ್ಕದಲ್ಲಿ
ತನ್ನ ತಪ್ಪನ್ನು ತಾನೇ,
ಕಡಿದು ಉಳಿದ ಸಂಬಳ ಕೊಟ್ಟು.
ಅದರ ಮೇಲೆ ಇಬ್ಬರು ಮಕ್ಕಳು ಮಲಗಿ ಬೆಳೆದರು.

ಕ್ಷಮಿಸು ಎಂಬ ಮಾತು
ಹಲ್ಲಿನಲ್ಲಿ ಕಡಿದ ದಾರದ ತುದಿಯಂತೆ
ತುಟಿಗೆ ಅಂಟಿ ಕೂತಿತು.
ಅವಳು ಉಗುರಿನಲ್ಲಿ ಒಂದು ಗಂಟು ಸಡಿಲಿಸುತ್ತ,
ಎಷ್ಟು ಬಿಗಿ ಕಟ್ಟಿದ್ದೀಯೇ ಮಾರಾಯ್ತಿ, ಅಂದಳು.
ಸೂಜಿ ಚಾಚಿದಳು. ನನಗೆ ಕಣ್ಣು ಮಬ್ಬು,
ನಿನ್ನದು ಹದ್ದಿನ ಕಣ್ಣಲ್ಲವೇ,
ಪೋಣಿಸು.

ಮೊದಲ ಸಲ ತಪ್ಪಿತು. ಎರಡನೆಯ ಸಲವೂ.
ಹೊರಗೆ ತಿರುವಿನಲ್ಲಿ ಟ್ರಾಮ್ ಕಿರುಗುಟ್ಟಿತು.
ಯಾರೂ ಗುರುತು ಹಾಕಲಿಲ್ಲ.